ಅರ್ಧ ಹಚ್ಚಿ ಅರ್ಧ ಬಿಟ್ಟ ಗಾಡಿಗಳು

ಲಾಸರ್ ಅಣ್ಣಾಚ್ಚಿಗೆ ಗಾಡಿ ನೆಕ್ಕುವ ಚಟವಿದೆ. ಹೀಗೆಂದರೆ ಅವರಿಗೆ ಸಿಟ್ಟು ಬರುತ್ತದೆ. "ನೆಕ್ಕೋದಲ್ಲ ಸೆಲ್ವಿ, ರುಚಿ ನೋಡೋದು" ಎನ್ನುತ್ತಾರೆ. ಹೆಸರು ಏನೇ ಇಟ್ಟುಕೊಳ್ಳಲಿ, ಮಾಡುವುದು ಅದನ್ನೇ. ಪಾಲಿಶ್‌ಗೆ ಬಂದ ಗಾಡಿಯ ಬಾನೆಟ್ ಮೇಲೆ ತೋರುಬೆರಳು ಎಳೆದು, ಅದರ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಮೇಲೆ ತೀರ್ಪು. "ಇದು ಬಂದರಿನ ಗೇಟ್ ಹತ್ರ ನಿಲ್ಲೋ ಗಾಡಿ." "ಇದು ಉಪ್ಪಿನಾಗರದ ಧೂಳು." "ಇದು ಬರೀ ಬೋರ್ ನೀರು." ಕಡಲ ಉಪ್ಪು, ಆಗರದ ಉಪ್ಪು, ಬೋರ್ ನೀರಿನ ಉಪ್ಪು ಮೂರಕ್ಕೂ ಮೂರು ರುಚಿ ಎಂದು ಅವರ ವಾದ. ನಾನೂ ಒಮ್ಮೆ ಯಾರಿಗೂ ಕಾಣದ ಹಾಗೆ ನೆಕ್ಕಿ ನೋಡಿದ್ದೇನೆ. ನನಗೆ ಮೂರೂ ಒಂದೇ.

ಹತ್ತೊಂಬತ್ತು ವರ್ಷಗಳಿಂದ ಇದನ್ನು ನೋಡುತ್ತಿದ್ದೇನೆ. ಅವರ ಪಾಲಿಶ್ ಶೆಡ್‌ಗೆ ಎದುರುಗಡೆಯೇ ನನ್ನ ಡ್ರೈವಿಂಗ್ ಸ್ಕೂಲ್. ಸ್ಕೂಲ್ ಎಂದರೆ ಒಂದು ಕಡುಗೆಂಪು ಮಾರುತಿ ಕಾರು, ನನ್ನ ಕಾಲ ಕೆಳಗೊಂದು ಹೆಚ್ಚುವರಿ ಬ್ರೇಕು, ಮತ್ತು ನನ್ನ ಗಂಟಲು. ಹಾರ್ನಿಗಿಂತ ನನ್ನ ಗಂಟಲೇ ಜೋರು ಎಂದು ಕಲಿಯಲು ಬಂದವರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಜ್ಞಾನಸೆಲ್ವಿಯ ಹತ್ತಿರ ಕಲಿತವರು ಯಾರೂ ತೂತುಕುಡಿಯಲ್ಲಿ ಇವತ್ತಿನವರೆಗೆ ಒಂದು ಮೇಕೆಗೂ ಗುದ್ದಿಲ್ಲ.

ಊರಿನ ಅರ್ಧ ಗಾಡಿಗಳ ಮೈ ತಿಕ್ಕಿದ ಈ ಮನುಷ್ಯನಿಗೆ ಗಾಡಿ ಓಡಿಸಲು ಮಾತ್ರ ಬರುವುದಿಲ್ಲ. ಬಿಟ್ಟಿಯಾಗಿ ಕಲಿಸುತ್ತೇನೆಂದರೂ ಒಪ್ಪಲಿಲ್ಲ. "ಓಡಿಸೋಕೆ ಕಲಿತ್ರೆ ರಸ್ತೆ ನೋಡ್ಬೇಕಾಗುತ್ತೆ. ಆಗ ಬಣ್ಣ ಯಾರು ನೋಡೋದು?" ಎಂದು ಸೈಕಲ್ ಹತ್ತಿ ಹೊರಟುಬಿಟ್ಟರು.

ಅರವತ್ತು ವರ್ಷದ ಮನುಷ್ಯ, ಆದರೆ ಕಂಡದ್ದಕ್ಕೆಲ್ಲ 'ಯಾಕೆ' ಎಂದು ಕೇಳುವುದರಲ್ಲಿ ನಾಲ್ಕು ವರ್ಷದ ಮಗು. ಕಾಗೆ ಹಿಕ್ಕೆ ಬಿಳಿ ಕಾರಿಗಿಂತ ಕಪ್ಪು ಕಾರನ್ನೇ ಯಾಕೆ ಹೆಚ್ಚು ಸುಡುತ್ತದೆ? ಮದುವೆ ಕಾರಿಗೆ ಹೂವು ಅಂಟಿಸುವ ಟೇಪಿನ ಕಲೆ ಸೀಮೆಎಣ್ಣೆಗೆ ಹೋಗುತ್ತದೆ, ಡೀಸೆಲ್‌ಗೆ ಯಾಕೆ ಹೋಗುವುದಿಲ್ಲ? ಉತ್ತರ ಹುಡುಕಲೆಂದು ಅವರು ಶೆಡ್‌ನ ಗೋಡೆಗೆ ಗುಜರಿ ಬಾಗಿಲುಗಳನ್ನು ಸಾಲಾಗಿ ಒರಗಿಸಿದ್ದಾರೆ. ಒಂದೊಂದರ ಮೇಲೂ ಒಂದೊಂದು ಹೆಸರು: 'ಕಾಗೆ', 'ಬ್ರೇಕ್ ಆಯಿಲ್', 'ಮೀನು ಕೊಳಂಬು'. ಕೊಳಂಬು, ಅಂದರೆ ಹುಳಿ ಸಾರು, ಹಚ್ಚಿದ ಬಾಗಿಲಿನಿಂದಾಗಿ ಬೀದಿಯ ಬೆಕ್ಕುಗಳೆಲ್ಲ ಒಂದು ತಿಂಗಳು ಅಲ್ಲೇ ಸಂಸಾರ ಹೂಡಿದ್ದವು. ಪ್ರತಿ ಬಾಗಿಲಿಗೂ ನಡುವೆ ಟೇಪು ಹಾಕಿ ಅರ್ಧಕ್ಕೆ ಹಚ್ಚುತ್ತಾರೆ, ಇನ್ನರ್ಧವನ್ನು ಮುಟ್ಟುವುದಿಲ್ಲ. "ಹೋಲಿಸಿ ನೋಡೋಕೆ ಒಂದು ಜಾಗ ಬಿಡಲೇಬೇಕು. ಇಲ್ದಿದ್ರೆ ಏನಾಯ್ತು ಅಂತ ಹೇಗೆ ಗೊತ್ತಾಗುತ್ತೆ?" ಇದು ಅವರ ನಿಯಮ. ಈ ನಿಯಮ ಅವರು ಯಾವತ್ತೂ ಮುರಿದದ್ದಿಲ್ಲ.

ಇಷ್ಟು ಹೇಳಿದ ಮೇಲೆ ನೀಲಿ ಫಿಯೆಟ್‌ನ ವಿಷಯ ಹೇಳಲೇಬೇಕು.

ಆ ಕಾರು ಮಾರ್ಸಲೀನ್ ವಾಜ್ ಟೀಚರ್‌ದು. ಟೀಚರಿಗೆ ಈಗ ಎಪ್ಪತ್ತೆಂಟು. ಮೂರನೇ ಕ್ಲಾಸಿನಲ್ಲಿ ಲಾಸರ್ ಅಣ್ಣಾಚ್ಚಿಯ ಕಿವಿ ಹಿಂಡಿದವರು, ಅವಕಾಶ ಸಿಕ್ಕರೆ ಈಗಲೂ ಹಿಂಡುವವರು. ಗಂಡ ತೀರಿಕೊಂಡ ವರ್ಷ ಅವರು ಕಾರು ಕಲಿಯಲು ನನ್ನ ಹತ್ತಿರ ಬಂದರು. ನನ್ನ ಸ್ಕೂಲಿನ ಮೊದಲ ವಿದ್ಯಾರ್ಥಿನಿ ಅವರೇ. ಯಾಕೆ ಈ ವಯಸ್ಸಿನಲ್ಲಿ ಎಂದು ಕೇಳಿದ್ದಕ್ಕೆ, "ಕಲ್ಲರೆ ಹಬ್ಬಕ್ಕೆ ಅವರ ಗೋರಿಗೆ ಅವರ ಗಾಡೀಲೇ ಹೋಗ್ಬೇಕು. ಇನ್ನೊಬ್ಬನ ಕೈಲಿ ಸ್ಟೇರಿಂಗ್ ಕೊಡಲ್ಲ" ಎಂದಿದ್ದರು. ಸತ್ತವರನ್ನು ನೆನೆಯುವ ಆ ಹಬ್ಬಕ್ಕೆ, ಪ್ರತಿ ನವೆಂಬರ್ ಎರಡಕ್ಕೆ, ಹಾಗೆಯೇ ಹೋಗುತ್ತಾರೆ. ಹಿಂದಿನ ವಾರ ಕಾರು ಲಾಸರ್ ಅಣ್ಣಾಚ್ಚಿಯ ಶೆಡ್‌ಗೆ ಬರುತ್ತದೆ, ಹೊಳೆಯುತ್ತ ಹೋಗುತ್ತದೆ.

ಆ ನೀಲಿಯನ್ನು ಬಳಿದವರು ಲಾಸರ್ ಅಣ್ಣಾಚ್ಚಿಯ ಅಪ್ಪ, ಸವರಿ ಮೋತ್ತಾ. ಅವರು ಮೊದಲು ತೋಣಿಗಳಿಗೆ, ಅಂದರೆ ಕೊಲಂಬೊಗೆ ಸರಕು ಹೊರುವ ನಮ್ಮ ಹಾಯಿ ಹಡಗುಗಳಿಗೆ, ಬಣ್ಣ ಬಳಿಯುತ್ತಿದ್ದವರು. ಕಾರುಗಳ ಕೆಲಸ ಆಮೇಲೆ ಬಂದದ್ದು. ಬಣ್ಣವನ್ನು ಡಬ್ಬಿಯಿಂದ ನೇರವಾಗಿ ಬಳಿದವರಲ್ಲ, ಕಣ್ಣಳತೆಯಲ್ಲಿ ಕಲಸುತ್ತಿದ್ದರು. ಆ ತೋಣಿಗಳು ಒಡೆದು ಸೌದೆಯಾದವು, ಅವರು ಬಳಿದ ಕಾರುಗಳು ಗುಜರಿಗೆ ಹೋದವು. ಅವರ ಕೈಕೆಲಸ ಈ ಭೂಮಿಯ ಮೇಲೆ ಉಳಿದಿರುವುದು ಈ ಒಂದು ಫಿಯೆಟ್‌ನ ಮೇಲೆ ಮಾತ್ರ. ಲಾಸರ್ ಅಣ್ಣಾಚ್ಚಿ ಹನ್ನೊಂದು ಡಬ್ಬಿ ತಂದು ಕಲಸಿ ನೋಡಿದರೂ ಆ ನೀಲಿ ಬರಲಿಲ್ಲ.

ಕಷ್ಟ ಏನೆಂದರೆ, ಹಳೆಯ ಬಣ್ಣವನ್ನು ಉಜ್ಜಿದರೆ ಬಟ್ಟೆಗೆ ಬಣ್ಣ ಹತ್ತುತ್ತದೆ. ವರ್ಷಕ್ಕೊಮ್ಮೆ ಉಜ್ಜಿದಾಗಲೆಲ್ಲ ಬಟ್ಟೆ ನೀಲಿಯಾಗುತ್ತದೆ, ಕಾರಿನ ಬಣ್ಣ ಅಷ್ಟು ತೆಳುವಾಗುತ್ತದೆ. ಉಜ್ಜದೆ ಬಿಟ್ಟರೆ ಕಡಲ ಗಾಳಿ ಅದನ್ನು ಸುಣ್ಣದ ಗೋಡೆ ಮಾಡುತ್ತದೆ. ಹಾಗೆ ನೀಲಿಯಾದ ಬಟ್ಟೆಗಳನ್ನು ಅವರು ಎಸೆಯುವುದಿಲ್ಲ, ತೊಳೆಯುವುದೂ ಇಲ್ಲ. ಶೆಡ್‌ನ ಮೂಲೆಯ ಟ್ರಂಕಿನಲ್ಲಿ ಮಡಿಚಿ ಇಟ್ಟಿದ್ದಾರೆ. ಒಮ್ಮೆ ತೆರೆದು ತೋರಿಸಿದ್ದರು. ಹತ್ತಿರ ಹತ್ತಿರ ಇಪ್ಪತ್ತು ಬಟ್ಟೆಗಳು.

"ಬಾನೆಟ್ ಅಂಚಲ್ಲಿ ಕೆಳಗಿನ ಬಿಳಿ ಕಾಣ್ತಾ ಇದೆ, ಸೆಲ್ವಿ. ಇನ್ನು ಮೂರು ಸಲ ಉಜ್ಜಿದ್ರೆ ಅಪ್ಪ ಮುಗಿದ್ರು" ಎಂದರು. ತಮಾಷೆಯ ದನಿಯಲ್ಲೇ ಹೇಳಿದರು. ನನಗೆ ಮಾತ್ರ ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಆ ವರ್ಷ ಜುಲೈನಲ್ಲಿ ಕೊಯಮತ್ತೂರಿನಿಂದ ಕನಕಸಬಾಪತಿ ಎಂಬವರು ಬಂದರು. ಬಟ್ಟೆ ಗಿರಣಿಯಲ್ಲಿ ಬಣ್ಣದ ರಸಾಯನ ನೋಡಿಕೊಳ್ಳುತ್ತಿದ್ದವರಂತೆ. ಕೆಲಸ ಬಿಟ್ಟು ಕಾರಿನ ಬಣ್ಣಕ್ಕೆ ಹಚ್ಚುವ ಹೊಸ ಸೀಲೆಂಟ್, ಅಂದರೆ ಬಣ್ಣ ಕಾಪಾಡುವ ಲೇಪ, ಮಾಡಿದ್ದರು. ಔಷಧಿ ಬಾಟಲಿಯಷ್ಟು ಚಿಕ್ಕ ಆರು ಬಾಟಲಿಗಳನ್ನು ಮೇಜಿನ ಮೇಲಿಟ್ಟು, ಕೈ ಕಟ್ಟಿ ನಿಂತರು. ಒಮ್ಮೆ ಹಚ್ಚಿದರೆ ಬಣ್ಣದ ಮೇಲೆ ಗಾಜಿನಂಥ ಪೊರೆ ಕೂರುತ್ತದೆ. ಆಮೇಲೆ ಉಜ್ಜುವುದೇ ಬೇಡ, ವರ್ಷಕ್ಕೊಮ್ಮೆ ಅದರ ಮೇಲೆಯೇ ಇನ್ನೊಂದು ಪೊರೆ ಹಚ್ಚಿದರೆ ಸಾಕು ಎಂದರು.

'ಉಜ್ಜುವುದೇ ಬೇಡ' ಎಂದಾಗ ಲಾಸರ್ ಅಣ್ಣಾಚ್ಚಿಯ ಕೈಯಲ್ಲಿದ್ದ ಚಹಾ ಲೋಟ ಅಲ್ಲೇ ನಿಂತಿತು.

"ನಿಮ್ಮೂರಲ್ಲಿ ಗಾಡಿ ಯಾವ ನೀರಲ್ಲಿ ತೊಳೀತಾರೆ?" ಎಂದು ಕೇಳಿದರು.

"ಸಿರುವಾಣಿ ನೀರು ರೀ. ಸಕ್ಕರೆ ಇದ್ದ ಹಾಗಿರುತ್ತೆ."

ನಾನೂ ಅಣ್ಣಾಚ್ಚಿಯೂ ಮುಖ ಮುಖ ನೋಡಿಕೊಂಡೆವು. ನಮ್ಮ ಬೀದಿಗೆ ನಲ್ಲಿ ನೀರು ಬರುವುದು ಎಂಟು ದಿನಕ್ಕೊಮ್ಮೆ, ಅದು ಕುಡಿಯಲು. ಮಿಕ್ಕದ್ದಕ್ಕೆಲ್ಲ ಬೋರ್ ನೀರು. ಅದರಲ್ಲಿ ಸೋಪಿನ ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಗಾಡಿಗೆ ನಲ್ಲಿ ನೀರು ಸುರಿಯುವವರನ್ನು ನಮ್ಮಲ್ಲಿ ಹುಚ್ಚರೆನ್ನುವುದಿಲ್ಲ, ಪಾಪಿಗಳೆನ್ನುತ್ತಾರೆ.

"ಬಾಟಲಿ ಇಟ್ಟು ಹೋಗಿ. ಮೂರು ತಿಂಗಳು ನೋಡಿ ಹೇಳ್ತೀನಿ" ಎಂದರು ಅಣ್ಣಾಚ್ಚಿ.

"ನೀವು ಒಂದು ಮಾತು ಹೇಳಿದ್ರೆ ಕಡಲತೀರದ ಊರಲ್ಲೆಲ್ಲ ನಡೆಯುತ್ತೆ ಅಂತ ಕೇಳಿದೀನಿ ರೀ."

"ಅದಕ್ಕೇ ಮೂರು ತಿಂಗಳು."

ಹೀಗೆ ಪರೀಕ್ಷೆ ಶುರುವಾಯಿತು. ಸುಡಲೈಮುತ್ತುವಿನ ಉಪ್ಪಿನ ಲಾರಿ, ಬಂದರಿಗೆ ಮೀನು ತರುವ ಐಸ್ ವ್ಯಾನು, ಬಾದಾಮಿ ಮರದ ಕೆಳಗೆ ನಿಲ್ಲುವ ಚರ್ಚಿನ ಶವದ ಗಾಡಿ, ಮತ್ತೆ ನನ್ನ ಮಾರುತಿ. ಎಲ್ಲಕ್ಕೂ ನಡುವೆ ಟೇಪು, ಎಡಕ್ಕೆ ಲೇಪ, ಬಲಕ್ಕೆ ಏನೂ ಇಲ್ಲ. ಪ್ರತಿ ಶನಿವಾರ ಅಣ್ಣಾಚ್ಚಿ ಸೈಕಲ್ ತುಳಿದು ಹೋಗಿ ಒಂದೊಂದನ್ನೂ ನೋಡುತ್ತಿದ್ದರು. ಬೆರಳುಗಳನ್ನು ತೆಳ್ಳನೆಯ ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿ ಬಣ್ಣದ ಮೇಲೆ ಆಡಿಸುತ್ತಿದ್ದರು. ಬರಿಗೈಗೆ ತಿಳಿಯದ ತರಿ ಕವರಿನ ಮೂಲಕ ತಿಳಿಯುತ್ತದೆ. ಇದನ್ನೂ ನಾನು ಮಾಡಿ ನೋಡಿದ್ದೇನೆ. ಇದು ಮಾತ್ರ ನಿಜ.

ಮೊದಲು ಬಿದ್ದದ್ದು ಉಪ್ಪಿನ ಲಾರಿ, ಅದೂ ಯಾರೂ ಎಣಿಸದ ಕಾರಣಕ್ಕೆ. ಮೂರನೇ ಶುಕ್ರವಾರ ಸುಡಲೈಮುತ್ತು ಲಾರಿಯನ್ನು ಶೆಡ್ ಮುಂದೆ ಅಡ್ಡ ನಿಲ್ಲಿಸಿ ಕೆಳಗೆ ಹಾರಿದ.

"ಅಣ್ಣಾಚ್ಚಿ, ಇದನ್ನ ಈಗಲೇ ತೆಗೀರಿ!"

"ಏನಾಯ್ತಪ್ಪ? ಬಣ್ಣ ಎದ್ದಿತಾ?"

"ಬಣ್ಣ ಅಲ್ಲ, ಸ್ವಾಮೀನೇ ಎದ್ದು ಹೋದ! ಹದಿನೈದು ವರ್ಷದಿಂದ ಶುಕ್ರವಾರ ಶುಕ್ರವಾರ ಎಡಗಡೆ ಬಾಗಿಲಿಗೆ ಗಂಧ ಇಡ್ತೀನಿ. ಈಗ ಇಟ್ಟ ಗಂಧ ಒಣಗಿ ದೊಪ್ಪಂತ ಉದುರುತ್ತೆ. ಕುಂಕುಮ ನಿಲ್ಲಲ್ಲ, ವಿಭೂತಿ ನಿಲ್ಲಲ್ಲ. ಗಂಧವೇ ನಿಲ್ಲದ ಗಾಡೀಲಿ ನಾನು ಹೇಗೆ ಕೂರ್ಲಿ?"

"ಬಲಗಡೆ ಇಡು."

"ನಿಮಗೇನು, ಹೇಳ್ತೀರ. ಚರ್ಚಲ್ಲಿ ಮಾತೆಯನ್ನ ಬಾಗಿಲ ಹೊರಗೆ ನಿಲ್ಸಿ ಅಂದ್ರೆ ನಿಲ್ಲಿಸ್ತೀರಾ?"

ಅಣ್ಣಾಚ್ಚಿ ಬಾಗಿಲಿನ ಲೇಪ ಉಜ್ಜಿ ತೆಗೆದುಕೊಟ್ಟರು. ಆದರೆ ತೆಗೆಯುವ ಮೊದಲು ಉದುರಿದ ಗಂಧದ ಬಿಲ್ಲೆಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಗಂಧ ಕೂಡ ಹಿಡಿಯಲ್ಲ ಅಂದ್ರೆ, ಆ ಕೊಯಮತ್ತೂರಿನವನು ಸುಳ್ಳು ಹೇಳಿಲ್ಲ" ಎಂದು ಖುಷಿಯಲ್ಲಿ ನನ್ನ ಕಡೆ ಕಣ್ಣು ಹೊಡೆದರು. ಸುಡಲೈಮುತ್ತು ಮಾತ್ರ ಹೋಗುವಾಗ ನನಗೆ, "ಸೆಲ್ವಿಯಕ್ಕಾ, ನಿಮ್ಮ ಗಾಡಿ ಮೇಲೂ ಕಣ್ಣಿಡಿ. ಎಲ್-ಬೋರ್ಡು ಉದುರೀತು" ಎಂದು ಚುಚ್ಚಿ ಹೋದ.

ಮೀನಿನ ವ್ಯಾನು ಮೊದಲೇ ಸೋಲುತ್ತದೆಂದು ನಾವೆಲ್ಲ ಎಣಿಸಿದ್ದೆವು. ಅದೇ ಎಲ್ಲಕ್ಕಿಂತ ಚೆನ್ನಾಗಿ ನಿಂತಿತು. ಮೀನಿನ ಹುರುಪೆ ಅಂಟಲಿಲ್ಲ, ಒಂದು ಕಲೆಯಿಲ್ಲ. ಅಣ್ಣಾಚ್ಚಿ ಎರಡು ವಾರ ತಲೆ ಕೆರೆದುಕೊಂಡರು. ಕೊನೆಗೆ ವ್ಯಾನಿನ ಹಿಂದಿನಿಂದ ತೊಟ್ಟಿಕ್ಕುವ ನೀರಿಗೆ ಬೆರಳಿಟ್ಟು ರುಚಿ ನೋಡಿ, ಬೀದಿಯ ನಡುವೆಯೇ ನಕ್ಕರು. ಐಸು ಮಾಡುವುದು ಸಿಹಿ ನೀರಿನಲ್ಲಿ! ದಿನವಿಡೀ ಕರಗಿದ ಐಸಿನಲ್ಲಿ ಮೀಯುವ ವ್ಯಾನು ನಮ್ಮೂರಲ್ಲೇ ಇದ್ದರೂ ಕೊಯಮತ್ತೂರಿನ ಗಾಡಿ ಇದ್ದ ಹಾಗೆ. ಅದರ ಫಲಿತಾಂಶ ಲೆಕ್ಕಕ್ಕಿಲ್ಲ.

ಶವದ ಗಾಡಿ ಹೊರಗೆ ಹೋಗುವುದೇ ಅಪರೂಪ. ಅದರಿಂದ ಕಾಗೆಗಳ ವಿಷಯ ತಿಳಿಯಿತೇ ಹೊರತು ಬೇರೇನೂ ತಿಳಿಯಲಿಲ್ಲ.

"ಹಾಗಾದ್ರೆ ನಿನ್ನ ಗಾಡೀನೇ ತೀರ್ಪು ಕೊಡ್ಬೇಕು, ಸೆಲ್ವಿ" ಎಂದರು ಅಣ್ಣಾಚ್ಚಿ. "ಟೀಚರ್ ಕಾರೂ ಬೀದಿಯಲ್ಲೇ ನಿಲ್ಲುತ್ತೆ, ಬೋರ್ ನೀರಲ್ಲೇ ಮೀಯುತ್ತೆ. ನಿನ್ನದು ನಿಂತ್ರೆ ಫಿಯೆಟ್‌ಗೆ ಹಚ್ತೀನಿ. ನಿಲ್ಲದೆ ಹೋದ್ರೆ ಇಲ್ಲ. ಒಂದು ಸಲ ಹಚ್ಚಿ ಕೆಟ್ರೆ, ಅದನ್ನ ಕೆರೆದು ತೆಗೆಯೋವಾಗ ಅಪ್ಪನೂ ಅದರ ಜೊತೆ ಹೋಗ್ತಾರೆ. ನೀನು ಯಾವತ್ತಿನ ಹಾಗೆ ತೊಳಿ. ಏನೂ ಬದಲಾಯಿಸ್ಬೇಡ."

ತಲೆಯಾಡಿಸಿದೆ. ಆ ಹೊತ್ತಿಗಾಗಲೇ ನಾನು ಮಾಡಿದ್ದ ತಪ್ಪನ್ನು ಈಗ ಹೇಳುತ್ತೇನೆ. ಮುಚ್ಚಿಟ್ಟು ಕಥೆ ಹೇಳುವ ಜಾಣತನ ನನಗಿಲ್ಲ.

ಲೇಪ ಹಚ್ಚಿದ ಮೊದಲ ಹದಿನೈದು ದಿನ ನನ್ನ ಕಾರನ್ನು ನೋಡಲು ಎರಡು ಕಣ್ಣು ಸಾಲದು. ಬೆಳಿಗ್ಗೆ ಬೋರ್ ನೀರು ಎರಚಿದರೆ ಎಡಗಡೆ ಹನಿಗಳು ಮಲ್ಲಿಗೆ ಮೊಗ್ಗಿನ ಹಾಗೆ ದುಂಡಗೆ ನಿಲ್ಲುತ್ತಿದ್ದವು. ಬಲಗಡೆ ನೀರು ಸೋಮಾರಿಯಂತೆ ಹರಡಿ ಮಲಗುತ್ತಿತ್ತು. ಏಳು ಗಂಟೆಗೆ ಕಲಿಯುವವರು ಬರುತ್ತಾರೆ, ಒರೆಸಲು ಪುರಸೊತ್ತೆಲ್ಲಿ? ಬಿಸಿಲಲ್ಲಿ ಒಣಗಲು ಬಿಟ್ಟು ಹೊರಡುತ್ತಿದ್ದೆ. ಅಷ್ಟು ವರ್ಷವೂ ಹಾಗೆಯೇ ಮಾಡಿದ್ದು.

ಮೂರನೇ ವಾರದ ಒಂದು ಮಧ್ಯಾಹ್ನ ಕಾರು ನಿಲ್ಲಿಸಿ ಇಳಿದು ನೋಡುತ್ತೇನೆ, ಎಡಗಡೆಯ ಬಾನೆಟ್ ತುಂಬ ಬಿಳಿ ಬಿಳಿ ಉಂಗುರ. ದುಂಡಗೆ ನಿಂತ ಒಂದೊಂದು ಹನಿಯೂ ಒಣಗಿ ತನ್ನ ಉಪ್ಪನ್ನು ಒಂದೊಂದು ಬಳೆ ಮಾಡಿ ಬಿಟ್ಟು ಹೋಗಿತ್ತು. ಬಲಗಡೆ ಮಂಕಾಗಿತ್ತಷ್ಟೆ, ಎಡಗಡೆ ಸಿಡುಬು ಎದ್ದಂತಿತ್ತು. ಬೆರಳಿನಿಂದ ಉಜ್ಜಿದೆ, ಹೋಗಲಿಲ್ಲ.

ಎದುರಿಗೆ ಶೆಡ್‌ನಲ್ಲಿ ಅಣ್ಣಾಚ್ಚಿ ಊಟ ಮಾಡಿ ಬೆಂಚಿನ ಮೇಲೆ ಕಣ್ಣು ಮುಚ್ಚಿದ್ದರು. ಮೂರು ವಾರದಿಂದ ಅವರು ನಡೆಯುತ್ತಿದ್ದ ರೀತಿಯೇ ಬೇರೆ. ಸೈಕಲ್ ಮೇಲೆ ಹಾಡು ಗುನುಗುತ್ತಿದ್ದರು. ಆ ಮುಖಕ್ಕೆ ನಾನು ಹೋಗಿ 'ನಿಲ್ಲಲಿಲ್ಲ' ಎಂದು ಹೇಳಬೇಕಿತ್ತು. ಹೇಳಲಾಗಲಿಲ್ಲ. ಅಡುಗೆಮನೆಗೆ ಓಡಿದೆ, ನಿಂಬೆಗಾತ್ರದ ಹುಣಸೆಹಣ್ಣು ಕಿವುಚಿದೆ, ಹಿತ್ತಾಳೆ ಕೊಡ ಬೆಳಗುವ ಹಾಗೆ ಬಾನೆಟ್ಟಿಗೆ ಸವರಿದೆ. ಉಂಗುರ ಒಂದೊಂದಾಗಿ ಕರಗಿತು. ಎರಡೂ ಕಡೆ ಉಜ್ಜಿ, ಮನೆಯ ಮೂರು ಕೊಡ ನಲ್ಲಿ ನೀರಿನಲ್ಲಿ ಒಂದನ್ನು ಎತ್ತಿ ಕಾರಿಗೆ ಸುರಿದೆ. ಪಾಪಿಯಾದೆ.

ಅವತ್ತಿನಿಂದ ಎರಡು ದಿನಕ್ಕೊಮ್ಮೆ ಅರ್ಧ ಕೊಡ ನಲ್ಲಿ ನೀರಿನಲ್ಲಿ ಕಾರು ತೊಳೆದೆ, ನಾನು ಅಳೆದು ಕುಡಿದೆ. ಆಗೀಗ ಯಾರ ಮನೆಯದೋ ಬೋರ್ ನೀರು ಸಿಡಿದು ಉಂಗುರ ಎದ್ದರೆ ಮಧ್ಯಾಹ್ನದ ಹುಣಸೆ ಸೇವೆ. ಶನಿವಾರ ಬಂದು ಅಣ್ಣಾಚ್ಚಿ, "ಬೋರ್ ನೀರೇ ತಾನೆ?" ಎಂದು ಕೇಳಿದರೆ, "ಮತ್ತೇನು, ಪನ್ನೀರಾ?" ಎಂದು ಗದರುತ್ತಿದ್ದೆ. ಅವರು ನನ್ನ ಮಾತನ್ನೇ ನಂಬಿ, ರುಚಿಯನ್ನೂ ನೋಡದೆ, ಖುಷಿಯಿಂದ ತಲೆಯಾಡಿಸಿ ಕ್ಯಾಲೆಂಡರಿನ ಹಾಳೆಯ ಹಿಂದೆ 'ಸೆಲ್ವಿ - ಕಲೆ ಇಲ್ಲ' ಎಂದು ಬರೆದುಕೊಳ್ಳುತ್ತಿದ್ದರು. ಇಷ್ಟು ಸುಲಭವಾಗಿ ನಂಬುವ ಮನುಷ್ಯನಿಗೆ ಸುಳ್ಳು ಹೇಳುವುದು ಎಂಥ ಹಿಂಸೆಯೆಂದು ಆಗ ತಿಳಿಯಿತು. ತಿಳಿದೂ ಹೇಳಿದೆ.

ಅಕ್ಟೋಬರ್ ಕೊನೆಯ ವಾರ ಟೀಚರ್ ಫಿಯೆಟ್ ತಂದು ಶೆಡ್‌ನೊಳಗೆ ನಿಲ್ಲಿಸಿದರು. ಕಲ್ಲರೆ ಹಬ್ಬಕ್ಕೆ ಆರು ದಿನ ಉಳಿದಿತ್ತು. ಅಣ್ಣಾಚ್ಚಿ ಕಾರನ್ನು ತೊಳೆದು, ಗಾಜಿನ ಅಂಚಿಗೆಲ್ಲ ಟೇಪು ಹಚ್ಚಿ, ಕೊನೆಯ ಬಾಟಲಿಗಳನ್ನು ಸ್ಟೂಲಿನ ಮೇಲಿಟ್ಟರು. ಆಮೇಲೆ ಕೈ ಒರೆಸಿಕೊಂಡು ಬೀದಿ ದಾಟಿ ಬಂದರು.

"ಹಚ್ಚೋ ಮೊದಲು ಇನ್ನೊಂದು ಸಲ ನೋಡ್ಬಿಡ್ತೀನಿ."

"ಎಷ್ಟು ಸಲ ನೋಡ್ತೀರಿ? ನಿಮ್ಮ ಕಣ್ಣಿಗೇ ನನ್ನ ಕಾರು ಸವೆದು ಹೋಗುತ್ತೆ."

ಅವರು ನಗುತ್ತ ಬಾನೆಟ್ ಮೇಲೆ ಬಗ್ಗಿದರು. ವೈಪರ್ ಎತ್ತಿದರು. ಅದರ ರಬ್ಬರಿನ ಕೆಳಗಿನಿಂದ ಕಂದು ನಾರೊಂದನ್ನು ಉಗುರಿನಲ್ಲಿ ಎಳೆದರು. ಯಥಾಪ್ರಕಾರ ಅದು ನಾಲಿಗೆಗೆ ಹೋಯಿತು.

"ಹುಣಸೆ" ಎಂದರು. ಕಣ್ಣು ತೆರೆದರು. "ಸೆಲ್ವಿ, ಕಾರಿಗೆ ರಸಂ ಕಾಯಿಸ್ತಾ ಇದೀಯಾ?"

ಅವರು ಬೆರಳನ್ನು ಬಾನೆಟ್ ಮೇಲೆ ಎಳೆದು ರುಚಿ ನೋಡಿದರು, ಬಾಗಿಲ ಮೇಲೆ ಎಳೆದು ನೋಡಿದರು, ಚಾವಣಿಯ ಮೇಲೆ ಎಳೆದು ನೋಡಿದರು.

"ಬೋರ್ ಉಪ್ಪು ಇಲ್ಲ. ಇದು ನಲ್ಲಿ ನೀರು."

ಎಲ್ಲ ಹೇಳಿದೆ. ಕಲಿಯಲು ಬಂದವರನ್ನೆಲ್ಲ ಅಳಿಸುವ ನಾನು ಬೀದಿಯಲ್ಲಿ ನಿಂತು ಸೆರಗು ಬಾಯಿಗಿಟ್ಟು ಅತ್ತೆ. ಅಣ್ಣಾಚ್ಚಿ ನನ್ನ ಮೆಟ್ಟಿಲ ಮೇಲೆ ಕುಳಿತು ಎದುರಿನ ಫಿಯೆಟ್ ನೋಡುತ್ತಿದ್ದರು.

"ಇನ್ನೊಂದು ಗಂಟೆ ಆಗಿದ್ರೆ ಹಚ್ಚಿಬಿಡ್ತಿದ್ದೆ" ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಿಮ್ಮ ಮುಖ ನೋಡಿ ಹೇಳೋಕಾಗ್ಲಿಲ್ಲ, ಅಣ್ಣಾಚ್ಚಿ."

"ಮುಖ ನೋಡ್ಬಾರ್ದು, ಗಾಡಿ ನೋಡ್ಬೇಕು." ಆಮೇಲೆ ಅವರ ಕತ್ತು ಮೆಲ್ಲಗೆ ನನ್ನ ಕಡೆ ತಿರುಗಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು; ಗುಜರಿ ಬಾಗಿಲುಗಳ ಮುಂದೆ ನಿಂತಾಗಿನ ಮುಖ. "ಹುಣಸೆ ಹಚ್ಚಿ ಎಷ್ಟು ಹೊತ್ತು ಬಿಟ್ಟೆ?"

"ಏನು?"

"ಎಷ್ಟು ಹೊತ್ತು ಅಂದೆ. ಕಾಲು ಗಂಟೆನಾ, ಅರ್ಧನಾ?"

"ಒಂದು ಲೋಟ ಕಾಪಿ ಕುಡಿಯೋಷ್ಟು."

"ಬಿಸಿ ನೀರಲ್ಲಿ ನೆನೆಸಿದ್ದಾ?"

"ಅಯ್ಯೋ, ತಣ್ಣೀರು."

"ಎರಡೂ ಕಡೆ ಹಚ್ಚಿದ್ಯಾ? ಬರೀ ಎಡಕ್ಕಾ?"

"ಎರಡೂ ಕಡೆ. ಒಂದೇ ಕಡೆ ಹೊಳೆದ್ರೆ ನಿಮಗೆ ಗೊತ್ತಾಗುತ್ತಲ್ಲ."

ಎದ್ದರು. ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು ಬೆರಳಿಗೆ ಹಾಕಿಕೊಂಡು ಮೊದಲು ಬಲಗಡೆ ಆಡಿಸಿದರು. ಬಿಸಿಲಿಗೆ ಓರೆಯಾಗಿ ಬಗ್ಗಿ ನೋಡಿದರು. ನನ್ನ ಕತ್ತನ್ನೂ ಹಿಡಿದು ಬಗ್ಗಿಸಿದರು. ಹುಣಸೆ ಬಿಳಿಯನ್ನು ತೆಗೆದಿತ್ತು, ಆದರೆ ಬಣ್ಣದಲ್ಲಿ ಸಣ್ಣ ಸಣ್ಣ ಗುಳಿಗಳು ಉಳಿದಿದ್ದವು. ಉಪ್ಪು ತಿಂದ ಗುರುತು. ಆಮೇಲೆ ಎಡಗಡೆ. ಅಲ್ಲಿ ಕವರು ಸರ್ರನೆ ಜಾರಿತು. ಒಂದು ಗುಳಿಯೂ ಇರಲಿಲ್ಲ.

"ಉಂಗುರ ಎದ್ದದ್ದು ಲೇಪದ ಮೇಲೆ, ಸೆಲ್ವಿ! ಬಣ್ಣದ ಮೇಲಲ್ಲ. ಹುಣಸೆಗೆ ಉಂಗುರ ಹೋಯ್ತು, ಕೆಳಗೆ ಬಣ್ಣ ಹಾಗೇ ಇದೆ!" ಎಂದು ಕೂಗಿದರು.

"ಹಾಗಾದ್ರೆ ಹಚ್ಚಬಹುದಾ?"

"ಈಗಲೇ ಅಲ್ಲ. ನೀನು ಸುಳ್ಳುಗಾತಿ. ನಾನೇ ನೋಡ್ಬೇಕು."

ನಾಲ್ಕು ದಿನ ನನ್ನ ಕಾರು ಎಲ್ಲೂ ಹೋಗಲಿಲ್ಲ, ಕಲಿಯುವವರಿಗೆಲ್ಲ ರಜೆ. ಅಣ್ಣಾಚ್ಚಿ ಟೀಚರ ಮನೆಯ ಬೋರ್‌ನಿಂದಲೇ ಕೊಡದಲ್ಲಿ ನೀರು ತಂದರು. ಕಡಲಿಗೆ ಹತ್ತಿರದ ಬೋರ್, ನಮ್ಮದಕ್ಕಿಂತಲೂ ಕೆಟ್ಟದು. ಬಾನೆಟ್ಟಿನ ಎರಡೂ ಕಡೆ ಮೂರು ಹೊತ್ತೂ ಎರಚಿ ಬಿಸಿಲಿಗೆ ಬಿಟ್ಟರು. ನಾನು ಮುಟ್ಟದ ಹಾಗೆ ಕಾರಿನ ಸುತ್ತ ಹಗ್ಗ ಕಟ್ಟಿದ್ದರು. ಆ ಹಗ್ಗ ನೋಡಿ ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡೆ.

ಮೂರನೇ ದಿನ ಟೀಚರ್ ಕೊಡೆ ಹಿಡಿದು ಬಂದರು. "ಏನೋ ಲಾಸರ್, ನನ್ನ ಗಾಡಿಗೇನು ಇಲ್ಲಿ ಬಾಣಂತನವಾ? ಹಬ್ಬದೊಳಗೆ ಕೊಡ್ತೀಯೋ ಇಲ್ವೋ?"

"ಕೊಡ್ತೀನಿ ಟೀಚರ್. ಇನ್ಮೇಲೆ ತಿಂಗಳಿಗೊಂದು ಸಲ ಕಾರಿಗೆ ಹುಣಸೆ ನೀರು ಹಚ್ಚಬೇಕಾಗಬಹುದು. ಆಗುತ್ತಾ?"

"ಕಾರಿಗೆ ಹುಣಸೆ, ನನಗೆ ಸಪ್ಪೆ ಸಾರಾ?" ಎಂದವರು ಫಿಯೆಟ್‌ನ ಬಾನೆಟ್ ಸವರಿ, "ಆಗುತ್ತೆ. ನಿನ್ನಪ್ಪ ಉಳೀತಾನೆ ಅಂದ್ರೆ ಆಗುತ್ತೆ" ಎಂದರು.

ನಾಲ್ಕನೇ ದಿನ ಸಂಜೆ ಹುಣಸೆ ನೀರು ಹಚ್ಚಿ, ಒಂದು ಲೋಟ ಕಾಪಿ ಕುಡಿದು, ತೊಳೆದು ನೋಡಿದೆವು. ಬಲಕ್ಕೆ ಗುಳಿ ಹೆಚ್ಚಾಗಿದ್ದವು. ಎಡಕ್ಕೆ ಏನೂ ಇರಲಿಲ್ಲ. ಕೊಯಮತ್ತೂರಿಗೆ ಫೋನ್ ಮಾಡಿ ಅಣ್ಣಾಚ್ಚಿ ತೀರ್ಪು ಹೇಳಿದರು: ಬೋರ್ ನೀರಿನ ಊರಿಗೂ ಆಗುತ್ತದೆ, ಹುಣಸೆ ಜೊತೆಗಿದ್ದರೆ. ಕನಕಸಬಾಪತಿಯವರು "ಸಾರಿಗೆ ಹಾಕೋ ಹುಣಸೇನಾ ರೀ?" ಎಂದು ಮೂರು ಸಲ ಕೇಳಿದರು.

ಮಾರನೇ ದಿನ ಫಿಯೆಟ್‌ಗೆ ಕೊನೆಯ ಪಾಲಿಶ್. ಲೇಪ ಕೂರಬೇಕಾದರೆ ಒಮ್ಮೆ ತೆಳುವಾಗಿ ಉಜ್ಜಲೇಬೇಕು. ಅಣ್ಣಾಚ್ಚಿ ಯಾರನ್ನೂ ಹತ್ತಿರ ಬಿಡದೆ ಉಜ್ಜಿದರು. ಬಟ್ಟೆ ನೀಲಿಯಾಯಿತು. ಅದನ್ನು ಮಡಿಚಿ ಟ್ರಂಕಿನಲ್ಲಿಟ್ಟು ಬಂದು, ಬಾಟಲಿ ತೆರೆದು, ಅಂಗೈ ಅಗಲ ಅಂಗೈ ಅಗಲವಾಗಿ ಲೇಪ ಹಚ್ಚುತ್ತ ಹೋದರು. ಸಂಜೆಯಾಯಿತು. ಒಂದು ರಾತ್ರಿ ಆರಲು ಬಿಟ್ಟರು.

ಬೆಳಿಗ್ಗೆ ಟೀಚರೂ ನಾನೂ ನಿಂತಿದ್ದೆವು. ಅಣ್ಣಾಚ್ಚಿ ಹೊಸ ಬಿಳಿ ಬಟ್ಟೆ ತೆಗೆದುಕೊಂಡು ಬಾನೆಟ್ಟನ್ನು ಉದ್ದಕ್ಕೂ ಒತ್ತಿ ಒರೆಸಿದರು. ಬಟ್ಟೆ ತಿರುಗಿಸಿದರು. ಮತ್ತೆ ಒರೆಸಿದರು.

ಬಟ್ಟೆ ಬೆಳ್ಳಗೇ ಇತ್ತು.

"ನೋಡೋ, ಇನ್ನು ನಿನ್ನಪ್ಪ ಎಲ್ಲೂ ಹೋಗಲ್ಲ" ಎಂದು ಟೀಚರ್ ಅವರ ಕಿವಿ ಹಿಂಡಿ, ನಗುತ್ತ, ಕಣ್ಣೊರೆಸಿಕೊಳ್ಳುತ್ತ ಕಾರು ಹತ್ತಿದರು. ನೀಲಿ ಕಾರು ಹಬ್ಬಕ್ಕೆ ಹೊರಟಿತು. ಅಣ್ಣಾಚ್ಚಿ ಬಿಳಿ ಬಟ್ಟೆ ಹಿಡಿದು ಅಲ್ಲೇ ನಿಂತಿದ್ದರು. ಗೆದ್ದವರ ಮುಖ ಅದಾಗಿರಲಿಲ್ಲ.

"ಏನಣ್ಣಾಚ್ಚಿ, ನೀವು ಕೇಳಿದ್ದೇ ಆಯ್ತಲ್ಲ?"

"ಆಯ್ತು" ಎಂದರು. ಬಟ್ಟೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. "ವರ್ಷಕ್ಕೊಂದು ಸಲ ಅಪ್ಪ ಕೈಗೆ ಹತ್ತುತ್ತಿದ್ರು, ಸೆಲ್ವಿ. ಇನ್ನು ಹತ್ತಲ್ಲ."

ಅವರ ಟ್ರಂಕಿನ ಬಟ್ಟೆಗಳನ್ನು ನಾನು ಹೋಗುತ್ತಿರುವ ಬಣ್ಣ ಎಂದುಕೊಂಡಿದ್ದೆ. ಅದು ಅಪ್ಪನ ಜೊತೆಗಿನ ಭೇಟಿಯೂ ಆಗಿತ್ತು ಎಂದು ಆಗ ತಿಳಿಯಿತು.

ಒಂದು ವರ್ಷ ಕಳೆಯಿತು. ಟೀಚರ್ ತಪ್ಪದೆ ಹುಣಸೆ ನೀರು ಹಚ್ಚಿದರು. ಕಾರು ಹೋದ ವರ್ಷ ಇದ್ದ ಹಾಗೆಯೇ ಇತ್ತು. ಕಲ್ಲರೆ ಹಬ್ಬದ ಹಿಂದಿನ ದಿನ ಅದು ಮತ್ತೆ ಶೆಡ್‌ಗೆ ಬಂತು, ಇನ್ನೊಂದು ಪೊರೆ ಹಚ್ಚಲು. ಉಜ್ಜುವ ಕೆಲಸವಿಲ್ಲ, ಒಂದೂವರೆ ಗಂಟೆಯಲ್ಲಿ ಮುಗಿಯಿತು. ನಾನು ಚಹಾ ತೆಗೆದುಕೊಂಡು ಹೋದೆ. ಲೋಟ ಹಿಡಿದ ಅವರ ಕೈ ನೋಡಿದೆ. ತೋರುಬೆರಳಿನ ತುದಿ ನೀಲಿಯಾಗಿತ್ತು.

"ಇದೇನು? ಲೇಪ ಬಿಟ್ಟಿತಾ?" ಎಂದು ಗಾಬರಿಯಾದೆ.

ಅವರು ಸಿಕ್ಕಿಬಿದ್ದವರ ಹಾಗೆ ಡ್ರೈವರ್ ಬಾಗಿಲು ತೆರೆದು ತೋರಿಸಿದರು. ಬಾಗಿಲ ಒಳ ಅಂಚಿನಲ್ಲಿ, ಮುಚ್ಚಿದರೆ ಯಾರಿಗೂ ಕಾಣದ ಕಡೆ, ಮೂರು ಬೆರಳಗಲ ಜಾಗ ಹೊಳಪಿಲ್ಲದೆ ಮಂಕಾಗಿತ್ತು, ನಡುವೆ ಬೆರಳು ಉಜ್ಜಿದ ಗುರುತು. ಅಲ್ಲಿಗೆ ಹೋದ ವರ್ಷವೂ ಲೇಪ ಹಚ್ಚಿರಲಿಲ್ಲ, ಈ ವರ್ಷವೂ ಹಚ್ಚಿರಲಿಲ್ಲ.

"ಹೋಲಿಸಿ ನೋಡೋಕೆ ಒಂದು ಜಾಗ ಬಿಡಲೇಬೇಕಲ್ಲ" ಎಂದರು, ನನ್ನ ಮುಖ ನೋಡದೆ. "ಅಲ್ಲಿ ಯಾವತ್ತೂ ಪಾಲಿಶ್ ಬಟ್ಟೆ ಮುಟ್ಟಿಲ್ಲ, ಸೆಲ್ವಿ. ಬಣ್ಣ ದಪ್ಪಗಿದೆ. ನನ್ನ ಕಾಲಕ್ಕೆ ಸಾಕು."

ನಾನು ಬಾಗಿಲು ಮುಚ್ಚಿದೆ. ಅವರು ಚಹಾ ಕುಡಿದು ಕೆಲಸಕ್ಕೆ ಎದ್ದರು. ಅವತ್ತು ಸಂಜೆಯವರೆಗೂ ಆ ಬೆರಳನ್ನು ಅವರು ನಾಲಿಗೆಗೂ ಮುಟ್ಟಿಸಲಿಲ್ಲ, ತೊಳೆಯಲೂ ಇಲ್ಲ.